ಹಿತ್ತಿಲ ಕೋಳಿಯ ತೆಳು ಚಿಪ್ಪು

2023ರ ಜನವರಿಯಲ್ಲಿ ಮಹಾರಾಷ್ಟ್ರದ ಪಶುಸಂಗೋಪನೆ ಇಲಾಖೆಯವರು ಒಂದು ಲೆಕ್ಕ ಹೇಳಿದರು. ರಾಜ್ಯಕ್ಕೆ ದಿನಕ್ಕೆ ಎರಡೂಕಾಲು ಕೋಟಿಗಿಂತ ಹೆಚ್ಚು ತತ್ತಿ ಬೇಕು, ರಾಜ್ಯದೊಳಗೆ ಸಿಗುವುದು ಒಂದರಿಂದ ಒಂದೂಕಾಲು ಕೋಟಿ. ಉಳಿದದ್ದು ಕರ್ನಾಟಕ, ತೆಲಂಗಾಣ, ತಮಿಳುನಾಡಿನಿಂದ ಬರಬೇಕು. ಛತ್ರಪತಿ ಸಂಭಾಜಿನಗರದ ಅಂಗಡಿಯಲ್ಲಿ ಟ್ರೇ ಟ್ರೇ ಪೇರಿಸಿಟ್ಟ ಬಿಳಿ ತತ್ತಿಗಳಲ್ಲಿ ನಮ್ಮ ಕಡೆಯ ಫಾರಂ ಕೋಳಿಗಳದ್ದೂ ಒಂದು ಪಾಲು ಇದೆ ಎಂದಾಯಿತು.

ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಆ ಲಾರಿ ತತ್ತಿಯ ವಿಷಯವನ್ನಲ್ಲ. ನಾಸಿಕ್ ಜಿಲ್ಲೆಯ ಪೇಠ, ಸುರಗಾಣಾ, ತ್ರ್ಯಂಬಕೇಶ್ವರದ ಗುಡ್ಡದ ಊರುಗಳಲ್ಲಿ, ಸಂಭಾಜಿನಗರ ಜಿಲ್ಲೆಯ ಪೈಠಣ, ಕನ್ನಡ, ಸಿಲ್ಲೋಡದ ಬಯಲು ಊರುಗಳಲ್ಲಿ ಮನೆ ಹಿಂದೆ ಐದೋ ಹತ್ತೋ ಕೋಳಿ ಸಾಕಿಕೊಂಡವರ ತತ್ತಿಯ ವಿಷಯ. (ಹೌದು, ಕನ್ನಡ ಅಂತಲೇ ಒಂದು ತಾಲ್ಲೂಕು ಅಲ್ಲಿದೆ. ಬಸ್ಸಿನ ಮೇಲೆ ಆ ಬೋರ್ಡು ಕಂಡು ನಮ್ಮವರು ಒಮ್ಮೆ ನಿಂತು ನೋಡದೆ ಮುಂದೆ ಹೋಗುವುದಿಲ್ಲ.) ಅಲ್ಲಿನ ಜನ ಇದಕ್ಕೆ ‘ಗಾವರಾನ್’ ಅಂಡಿ ಎನ್ನುತ್ತಾರೆ, ನಾವು ಜವಾರಿ ತತ್ತಿ ಅನ್ನುತ್ತೇವೆ. ಫಾರಂ ತತ್ತಿಗಿಂತ ಇದಕ್ಕೆ ಯಾವತ್ತೂ ದರ ಹೆಚ್ಚು. ಆ ದುಡ್ಡು ಸಾಮಾನ್ಯವಾಗಿ ಮನೆಯ ಹೆಂಗಸಿನ ಸೆರಗಿನ ಗಂಟಿಗೇ ಹೋಗುತ್ತದೆ. ಆದ್ದರಿಂದ ಸಂತೆಗೆ ಒಯ್ಯುವ ಬುಟ್ಟಿಯಲ್ಲಿ ನಾಲ್ಕು ತತ್ತಿ ಬಿರುಕು ಬಿಟ್ಟರೆ ಅದು ಸಣ್ಣ ವಿಷಯವಲ್ಲ.

ಹಿತ್ತಿಲ ಕೋಳಿ ಹಳೆಯ ಕಾಲದ ಪಳೆಯುಳಿಕೆ ಎಂದುಕೊಂಡವರಿದ್ದರೆ, 2019ರ ಜಾನುವಾರು ಗಣತಿಯನ್ನು ನೋಡಬೇಕು. ದೇಶದಲ್ಲಿ ಹಿತ್ತಿಲಲ್ಲಿ ಸಾಕಿದ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ. ಅದರ ಹಿಂದಿನ ಗಣತಿಗಿಂತ ಶೇಕಡಾ 46ರಷ್ಟು ಏರಿಕೆ. ಕೋಳಿ ಹೆಚ್ಚಿತು, ಜೊತೆಗೆ ಕೋಳಿಯ ತಳಿಯೂ ಬದಲಾಯಿತು. ನನ್ನ ಮಾತಿನ ಗಂಟು ಇರುವುದು ಅಲ್ಲೇ.

ಹಳೆಯ ಜವಾರಿ ಹೇಂಟೆ ವರ್ಷಕ್ಕೆ ಐವತ್ತು, ಅರವತ್ತು ತತ್ತಿ ಇಡುತ್ತಿತ್ತು. ಹತ್ತು ಹದಿನೈದು ಇಟ್ಟಿತೋ, ಕಾವಿಗೆ ಕೂತುಬಿಡುತ್ತಿತ್ತು. ಆಮೇಲೆ ಮರಿ ಕಟ್ಟಿಕೊಂಡು ತಿರುಗಾಟ. ಅಷ್ಟು ದಿನ ಮೈಯಲ್ಲಿ ಸುಣ್ಣ ಕೂಡಿಬೀಳಲು ಬಿಡುವು ಇತ್ತು. ತತ್ತಿಯೂ ಚಿಕ್ಕದು, ನಲವತ್ತು ಗ್ರಾಂ ಆಸುಪಾಸು. ಈಗ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಚ್ಚು ಹೆಸರು ಮಾಡಿರುವ ಕೋಳಿ ಯಾವುದು ಅಂದರೆ ನಮ್ಮ ಗಿರಿರಾಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ರೂಪಿಸಿದ ತಳಿ ಇದು. ಅಲ್ಲಿನವರು ‘ಗಿರೀರಾಜ್’ ಎಂದು ಸ್ವಂತದ್ದು ಮಾಡಿಕೊಂಡಿದ್ದಾರೆ. ಹೈದರಾಬಾದಿನ ವನರಾಜವೂ ಉಂಟು. ಗಿರಿರಾಜ ವರ್ಷಕ್ಕೆ 130ರಿಂದ 150 ತತ್ತಿ ಇಡಬಲ್ಲದು, ತತ್ತಿಯ ತೂಕ ಐವತ್ತು ಗ್ರಾಂ ದಾಟುತ್ತದೆ. ಬಣ್ಣ ಬಣ್ಣದ ಗರಿ, ಹಿತ್ತಿಲಲ್ಲಿ ಕೆದಕಿ ತಿನ್ನುವ ಗುಣ, ಎಲ್ಲವೂ ಜವಾರಿಯಂತೆಯೇ. ಹಾಗಾಗಿ ಸಾಕುವವರು ಮೇವನ್ನೂ ಜವಾರಿಗೆ ಹಾಕಿದಂತೆಯೇ ಹಾಕುತ್ತಾರೆ. ಕೋಳಿ ಹೊಸದು, ಕಾಳು ಮಾತ್ರ ಅಜ್ಜಿಯ ಕಾಲದ್ದು. ತೆಳು ಚಿಪ್ಪಿನ ಹತ್ತು ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಕನ್ನಡ ತಾಲ್ಲೂಕಿನ ಒಂದು ಊರಲ್ಲಿ ಬೀದರ್ ಕಡೆಯಿಂದ ಬಂದು ನೆಲೆಸಿದ ಒಂದು ಮನೆ ಉಂಟು. ಆ ಮನೆಯ ಹೆಣ್ಣುಮಗಳು ಮೊರದಲ್ಲಿ ಆರು ತತ್ತಿ ಇಟ್ಟುಕೊಂಡು ತಂದು ಮುಂದಿಟ್ಟಳು. “ಅಣ್ಣಾರ, ಮದ್ಲ ಛಲೋ ಇಡ್ತಿದ್ವು. ಈಗ ನೋಡ್ರಿ, ಎತ್ತಿದ್ರ ಸಾಕು, ಬಳ್ಳ ಒಳಗ ಹೋಗ್ತದ,” ಅಂದಳು. ಒಂದನ್ನು ಕೈಗೆ ತೆಗೆದುಕೊಂಡೆ. ದಪ್ಪ ತುದಿಯಲ್ಲಿ ಸುಣ್ಣದ ಕಾಳು ಅಂಟಿದ ಹಾಗೆ ಉರುಟು. ನಡುವೆ ಮೊಬೈಲಿನ ಟಾರ್ಚು ಹಿಡಿದರೆ ಅಲ್ಲಲ್ಲಿ ಎಣ್ಣೆ ಬಿದ್ದ ಕಾಗದದ ಥರ ಬೆಳಕು ಹಾಯುವ ಮಚ್ಚೆಗಳು. ಒಂದು ಕಡೆ ಹೆಬ್ಬೆರಳು ಒತ್ತಿದಲ್ಲಿ ಚಿಪ್ಪು ಬಿರಿದು, ಒಳಗಿನ ಪೊರೆ ಮಾತ್ರ ತತ್ತಿಯನ್ನು ಹಿಡಿದುಕೊಂಡಿತ್ತು. “ಏನ್ ಹಾಕ್ತೀ ತಂಗೀ ಇವಕ್ಕ?” “ಏನ್ ಹಾಕೋದ್ರಿ, ನಾವ್ ತಿನ್ನೋದೇ. ಜ್ವಾಳ, ಸಜ್ಜಿ, ಉಳದ ರೊಟ್ಟಿ. ಮತ್ತ ಹಗಲೆಲ್ಲಾ ಹೊರಗ ಕೆದರ್ಕೊಂಡು ತಿಂತಾವ.” ಒಳಗಿನ ಮಾಡದಲ್ಲಿ ಎಮ್ಮೆಗೆ ಕುಡಿಸುವ ಕ್ಯಾಲ್ಸಿಯಂ ಟಾನಿಕ್ಕಿನ ಬಾಟಲಿ, ಅರ್ಧ ಖಾಲಿ. ಕೋಳಿಗೂ ಅದನ್ನೇ ನೀರಲ್ಲಿ ಹಾಕಿ ನೋಡಿದ್ದಳು.

ಈಗ ಲೆಕ್ಕ ಹಾಕೋಣ. ತತ್ತಿಯ ಚಿಪ್ಪು ಅಂದರೆ ಶೇಕಡಾ 94ಕ್ಕೂ ಮೇಲೆ ಸುಣ್ಣದಕಲ್ಲೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅರವತ್ತು ಗ್ರಾಂ ತತ್ತಿಯಲ್ಲಿ ಚಿಪ್ಪಿನ ತೂಕ ಐದೂವರೆ, ಆರು ಗ್ರಾಂ. ಅದರಲ್ಲಿ ಶುದ್ಧ ಕ್ಯಾಲ್ಸಿಯಂ ಎರಡು ಗ್ರಾಂಗಿಂತ ತುಸು ಹೆಚ್ಚು. ಗಿರಿರಾಜದ ತತ್ತಿಗೆ ಎರಡು ಗ್ರಾಂ ಎಂದಿಟ್ಟುಕೊಳ್ಳಿ. ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಎಷ್ಟಿದೆ? ಮೂವತ್ತು ಮಿಲಿಗ್ರಾಂ ಹತ್ತಿರ. ಸಜ್ಜೆಯದ್ದೂ ಅಷ್ಟೇ, ಗೋವಿನಜೋಳದಲ್ಲಿ ಇನ್ನೂ ಕಡಿಮೆ. ಎರಡು ಸಾವಿರ ಮಿಲಿಗ್ರಾಂ ಹೊರಗೆ ಹೋಗುವಲ್ಲಿ ಒಳಗೆ ಬರುವುದು ಮೂವತ್ತು. ನಾಸಿಕ್ ಗುಡ್ಡದವರು ತಾವು ಬೆಳೆಯುವ ನಾಗಲಿಯನ್ನು, ಅಂದರೆ ನಮ್ಮ ರಾಗಿಯನ್ನು, ಕೋಳಿಗೂ ಚೆಲ್ಲುತ್ತಾರೆ. ರಾಗಿ ಈ ವಿಷಯದಲ್ಲಿ ಕಾಳುಗಳಿಗೆಲ್ಲ ರಾಜ: ನೂರು ಗ್ರಾಮಿಗೆ ಸುಮಾರು 340 ಮಿಲಿಗ್ರಾಂ, ಜೋಳದ ಹತ್ತು ಪಟ್ಟು. ಆದರೂ ಒಂದು ಚಿಪ್ಪಿನ ಆರನೇ ಒಂದು ಪಾಲು ಮಾತ್ರ. ರಾಗಿ ಉಂಡವರು ಗಟ್ಟಿಗರು ಎಂಬ ನಮ್ಮ ಹೆಮ್ಮೆ ಕೋಳಿಯ ಚಿಪ್ಪಿನ ಮಟ್ಟಿಗೆ ನಡೆಯುವುದಿಲ್ಲ.

ಹಾಗಾದರೆ ಇಷ್ಟು ದಿನ ಆ ಕೋಳಿ ಚಿಪ್ಪು ಕಟ್ಟಿದ್ದು ಯಾವುದರಿಂದ? ತನ್ನ ಎಲುಬಿನಿಂದ. ಹೇಂಟೆ ಮೊದಲ ತತ್ತಿ ಇಡುವ ಎರಡು ವಾರ ಮುಂಚೆ ಅದರ ಕಾಲಿನ ಉದ್ದ ಎಲುಬುಗಳ ಪೊಳ್ಳಿನೊಳಗೆ ಒಂದು ಹೊಸ ಬಗೆಯ ಮೃದು ಎಲುಬು ಬೆಳೆಯತೊಡಗುತ್ತದೆ. ಹುಂಜದಲ್ಲಿ ಅದು ಇಲ್ಲ. ಅದರ ಕೆಲಸ ಭಾರ ಹೊರುವುದಲ್ಲ, ಸುಣ್ಣ ಕೂಡಿಟ್ಟು ಬೇಕಾದಾಗ ಬಿಟ್ಟುಕೊಡುವುದು. ಕೋಳಿಯ ಇಡೀ ಮೈಯೆಲುಬಿನಲ್ಲಿ ಇರುವ ಕ್ಯಾಲ್ಸಿಯಂ ಹೆಚ್ಚೆಂದರೆ ಇಪ್ಪತ್ತು ಗ್ರಾಂ ಹತ್ತಿರ. ಒಂದು ತತ್ತಿಗೆ ಅದರ ಹತ್ತನೇ ಒಂದು ಪಾಲು ಹೋಗುತ್ತದೆ. ಆ ಹೆಣ್ಣುಮಗಳ ಕೋಳಿಗಳು ಮೊದಮೊದಲು ‘ಛಲೋ’ ಇಟ್ಟದ್ದು ಈ ಗಂಟಿನಿಂದ. ಗಂಟು ಕರಗಿತು, ಚಿಪ್ಪು ತೆಳುವಾಯಿತು. ಇನ್ನೂ ಹೀಗೇ ಬಿಟ್ಟರೆ ಭಾರ ಹೊರುವ ಎಲುಬೂ ಸವೆಯುತ್ತದೆ. ಒಂದು ಬೆಳಗ್ಗೆ ಕೋಳಿ ಕಾಲು ಬಿದ್ದು ಕೂರುತ್ತದೆ, ಹಿಡಿದು ಎತ್ತುವಾಗಲೇ ರೆಕ್ಕೆ ಮುರಿಯುತ್ತದೆ. ಆಗ ಮನೆಯವರು ಲಕ್ವ ಹೊಡೆಯಿತು ಅನ್ನುತ್ತಾರೆ.

ಇನ್ನೊಂದು ಸಂಗತಿ ಹೊತ್ತಿನದು. ಹಳದಿ ಭಾಗ ಅಂಡಾಶಯದಿಂದ ಬಿಡಿಸಿಕೊಂಡು ತತ್ತಿಯಾಗಿ ಹೊರಬರಲು 24ರಿಂದ 26 ಗಂಟೆ. ಅದರಲ್ಲಿ ಸುಮಾರು ಇಪ್ಪತ್ತು ಗಂಟೆ ಚಿಪ್ಪಿನ ಕೆಲಸಕ್ಕೇ ಹೋಗುತ್ತದೆ. ಬೆಳಗ್ಗೆ ಇಡುವ ತತ್ತಿಯ ಚಿಪ್ಪು ಕಟ್ಟುವುದು ಬಹುಪಾಲು ಹಿಂದಿನ ರಾತ್ರಿ. ಕೋಳಿಯೋ, ಹೊತ್ತು ಮುಳುಗಿದ ಕೂಡಲೇ ಗೂಡು ಸೇರುವ ಪ್ರಾಣಿ. ಚಿಪ್ಪಿಗೆ ಸುಣ್ಣ ಹೆಚ್ಚು ಬೇಕಾದ ಹೊತ್ತಿನಲ್ಲಿ ಅದು ಏನೂ ತಿನ್ನುತ್ತಿರುವುದಿಲ್ಲ. ಆಗ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತಾ ಇರುವ ಸುಣ್ಣ ಏನಾದರೂ ಉಳಿದಿದ್ದರೆ ಸರಿ, ಇಲ್ಲದಿದ್ದರೆ ಮತ್ತೆ ಎಲುಬಿಗೇ ಕೈ. ಆದ್ದರಿಂದ ಎಷ್ಟು ಕೊಟ್ಟಿರಿ ಎಂಬುದರಷ್ಟೇ ಮುಖ್ಯ ಯಾವಾಗ ಕೊಟ್ಟಿರಿ, ಎಷ್ಟು ದಪ್ಪಗೆ ಕೊಟ್ಟಿರಿ ಎಂಬುದು. ಹಿಟ್ಟಿನಂತೆ ನುಣ್ಣಗಿನ ಸುಣ್ಣದಪುಡಿ ಬೇಗ ಕರಗಿ ಬೇಗ ಹೋಗಿಬಿಡುತ್ತದೆ. ಜೋಳದ ನುಚ್ಚಿನ ಗಾತ್ರದ ಚಿಪ್ಪಿನ ಚೂರು ಕೋಳಿಯ ಅರೆಯುವ ಜಠರದಲ್ಲಿ ಕೂತು ರಾತ್ರಿಯಿಡೀ ತುಸು ತುಸುವೇ ಕರಗುತ್ತದೆ.

ಈ ಚಿಪ್ಪಿನ ಚೂರಿಗೆ ಮಹಾರಾಷ್ಟ್ರದ ಕೋಳಿ ಮೇವಿನ ಅಂಗಡಿಯಲ್ಲಿ ‘ಶಿಂಪಲಾ’ ಎಂದು ಕೇಳಿ. ಸಮುದ್ರದ ಚಿಪ್ಪು ಒಡೆದ ಚೂರು, ಕೊಂಕಣದ ಕರಾವಳಿ ದೂರವೇನಲ್ಲ. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಕಪ್ಪೆಚಿಪ್ಪು ರಾಶಿ ರಾಶಿ ತೆಗೆಯುತ್ತಾರಲ್ಲ, ಅದೇ ಜಾತಿಯ ಸರಕು. ಅದನ್ನು ಕಾಳಿನ ಜೊತೆ ಬೆರೆಸಬೇಡಿ. ಬೇರೆ ಒಂದು ಮಣ್ಣಿನ ತಟ್ಟೆಯಲ್ಲಿ ಹಾಕಿ ಗೂಡಿನ ಹತ್ತಿರ, ಮಳೆ ಬೀಳದ ಕಡೆ ಇಟ್ಟುಬಿಡಿ. ಮಧ್ಯಾಹ್ನ ಮೂರು, ನಾಲ್ಕರ ಹೊತ್ತಿಗೆ ತಟ್ಟೆ ತುಂಬಿರಲಿ. ಆಮೇಲೆ ನೋಡುತ್ತಾ ನಿಲ್ಲಿ. ಅದೊಂದು ನೋಡುವಂಥದ್ದೇ. ಹುಂಜ ಬಂದು ಒಮ್ಮೆ ಕುಕ್ಕಿ, ತನಗೆ ಸಂಬಂಧವಿಲ್ಲ ಎಂದು ಹೋಗುತ್ತದೆ. ಕಾವಿಗೆ ಕೂತ ಹೇಂಟೆ ತಿರುಗಿಯೂ ನೋಡದು. ನಾಳೆ ತತ್ತಿ ಇಡಬೇಕಾದದ್ದು ಮಾತ್ರ ತಟ್ಟೆ ಬಿಟ್ಟು ಕದಲುವುದಿಲ್ಲ. ತನಗೆಷ್ಟು ಬೇಕೆಂದು ಅದಕ್ಕೆ ಗೊತ್ತು. ತತ್ತಿ ಇಡುವ ಕೋಳಿ ಸಂಜೆ ಹೊತ್ತು ಸುಣ್ಣವನ್ನು ಹುಡುಕಿ ತಿನ್ನುತ್ತದೆ ಎಂಬುದನ್ನು ಪ್ರಯೋಗಗಳೂ ತೋರಿಸಿವೆ.

ಬೇರೆ ತಟ್ಟೆ ಯಾಕೆಂದರೆ, ಮರಿಗಳಿಗೆ ಹೆಚ್ಚು ಸುಣ್ಣ ವಿಷದ ಸಮ. ಬೆಳೆಯುವ ಪಿಳ್ಳೆಯ ಆಹಾರದಲ್ಲಿ ಶೇಕಡಾ ಒಂದರಷ್ಟು ಕ್ಯಾಲ್ಸಿಯಂ ಸಾಕು, ತತ್ತಿ ಇಡುವ ಕೋಳಿಗೆ ಮೂರೂವರೆಯಿಂದ ನಾಲ್ಕು ಬೇಕು. ತತ್ತಿಗೋಳಿಯ ಫೀಡನ್ನು ಮರಿಗೆ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಇದರ ತಿರುವುಮುರುವೂ ನಡೆಯುತ್ತದೆ. ನಾಸಿಕ್ ಸುತ್ತ ಬ್ರಾಯ್ಲರ್ ಕೋಳಿಯ ಗುತ್ತಿಗೆ ಸಾಕಣೆ ಬಹಳ. ಹಾಗಾಗಿ ಬ್ರಾಯ್ಲರ್ ಫೀಡಿನ ಚೀಲ ಕೈಗೆ ಸುಲಭವಾಗಿ ಸಿಗುತ್ತದೆ. ‘ಕಂಪನಿ ಫೀಡೇ ಹಾಕ್ತೀವಿ, ಆದರೂ ಚಿಪ್ಪು ತೆಳುವು’ ಅನ್ನುವವರ ಮನೆಯಲ್ಲಿ ಚೀಲದ ಮೇಲಿನ ಚೀಟಿ ಓದಿ ನೋಡಿ. ಮಾಂಸದ ಕೋಳಿಗೆ ಮಾಡಿದ ಫೀಡಿನಲ್ಲಿ ಚಿಪ್ಪಿಗೆ ಬೇಕಾದ ಸುಣ್ಣ ಇರುವುದಿಲ್ಲ.

‘ಕೋಳಿ ದಿನವಿಡೀ ಕಲ್ಲು ಕುಕ್ಕುತ್ತದಲ್ಲ, ಅದರಲ್ಲಿ ಸುಣ್ಣ ಬರುವುದಿಲ್ಲವೇ?’ ಇದೂ ಎಲ್ಲ ಕಡೆ ಕೇಳುವ ಪ್ರಶ್ನೆ. ಆ ನಾಡಿನ ಕಲ್ಲು ಯಾವುದು? ಕಪ್ಪು ಬಸಾಲ್ಟ್. ಕಾಳು ಅರೆಯಲು ಅದು ಒಳ್ಳೆಯದು, ಸುಣ್ಣ ಕೊಡಲು ಅಲ್ಲ. ವೇರೂಳದ, ಅಂದರೆ ಎಲ್ಲೋರಾದ, ಕೈಲಾಸ ದೇವಾಲಯವನ್ನು ಕಡೆದದ್ದು ಇದೇ ಕಲ್ಲಿನಲ್ಲಿ. ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಿಂದ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಮಳೆಗಾಳಿಗೆ ಕರಗದ ಕಲ್ಲು ಕೋಳಿಯ ಹೊಟ್ಟೆಯಲ್ಲಿ ಒಂದು ರಾತ್ರಿಗೆ ಕರಗುತ್ತದೆಯೇ? ಅದೇ ಮರಾಠವಾಡದ ಎರೆ ಹೊಲದಲ್ಲಿ ಉಳುವಾಗ ಸಿಗುವ ಬಿಳಿ ಸುಣ್ಣದ ಹರಳು ಬೇರೆ. ಅದು ನಿಜಕ್ಕೂ ಸುಣ್ಣ. ಗುರುತಿಸುವುದು ಸುಲಭ: ಕಲ್ಲನ್ನು ಪುಡಿಮಾಡಿ ನಾಲ್ಕು ಹನಿ ನಿಂಬೆರಸ ಹಾಕಿ. ಬುರಬುರ ನೊರೆ ಬಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಕಲ್ಲುಕೆಲಸದವರ ಹತ್ತಿರ ಸಿಗುವ ಬಿಳಿ ಮಾರ್ಬಲ್ ಚೂರು ತಂದು ಹಾಕುವವರೂ ಈ ಪರೀಕ್ಷೆ ಮಾಡಲಿ. ಮಾರ್ಬಲ್ಲಿನಲ್ಲಿ ಡಾಲಮೈಟ್ ಜಾತಿಯದೂ ಇರುತ್ತದೆ, ಅದರಲ್ಲಿ ಮೆಗ್ನೀಷಿಯಂ ಜಾಸ್ತಿ, ಕೋಳಿಗೆ ಆಗದು. ಅದು ನಿಂಬೆರಸಕ್ಕೆ ಬುರಬುರ ಎನ್ನದು, ಪುಡಿಮಾಡಿದರೂ ತೀರ ಮೆಲ್ಲಗೆ ನೊರೆ ಬಿಡುತ್ತದೆ.

ಮನೆಯಲ್ಲಿ ಒಡೆದ ತತ್ತಿಯ ಚಿಪ್ಪನ್ನೇ ಮತ್ತೆ ಹಾಕಬಹುದೇ ಅಂದರೆ, ಧಾರಾಳವಾಗಿ. ಹಂಚಿನ ಮೇಲೆ ಹುರಿದು, ಗುರುತು ಸಿಗದ ಹಾಗೆ ಕುಟ್ಟಿ ಹಾಕಿ. ಆದರೆ ಕೋಳಿ ತಿಂದ ಸುಣ್ಣದಲ್ಲಿ ಮೈಗೆ ಹತ್ತುವುದು ಸುಮಾರು ಅರ್ಧ. ಮಾರಿದ ತತ್ತಿಯ ಜೊತೆ ಚಿಪ್ಪೂ ಸಂತೆಗೆ ಹೋಯಿತು. ಬರೀ ಇದನ್ನು ನಂಬಿಕೊಂಡರೆ ಸಾಲದು.

ಇನ್ನು ಸುಣ್ಣದ ತಿಳಿನೀರು. ಎಲೆಯಡಿಕೆ ಸುಣ್ಣವನ್ನು ನೀರಿಗೆ ಹಾಕಿ, ಕಲಕಿ, ಮೇಲಿನ ತಿಳಿಯನ್ನು ಕೋಳಿಗೆ ಇಡುವುದು ನಮ್ಮ ಕಡೆಯೂ ಇದೆ, ಅಲ್ಲಿಯೂ ಇದೆ. ಹಿರಿಯರ ಮಾತನ್ನು ತೆಗೆದುಹಾಕುವ ಮುಂಚೆ ಲೆಕ್ಕ ಮಾಡೋಣ. ಒಂದು ಲೀಟರ್ ನೀರಲ್ಲಿ ಕರಗುವ ಸುಣ್ಣ ಒಂದೂಮುಕ್ಕಾಲು ಗ್ರಾಂ ಮೀರದು. ನೀವು ಬೊಗಸೆಗಟ್ಟಲೆ ಹಾಕಿದರೂ ಉಳಿದದ್ದು ತಳದಲ್ಲೇ. ಅದರಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂಗೂ ಕಡಿಮೆ. ಕೋಳಿ ದಿನಕ್ಕೆ ಕುಡಿಯುವುದು ಕಾಲು ಲೀಟರ್ ನೀರು. ಸಿಕ್ಕಿದ್ದು ಹೆಚ್ಚೆಂದರೆ ಕಾಲು ಗ್ರಾಂ. ತಪ್ಪೇನಿಲ್ಲ, ಸಾಕಾಗುವುದಿಲ್ಲ ಅಷ್ಟೇ. ಸುಡುವ ಸುಣ್ಣವನ್ನು ಕಾಳಿಗೆ ಬೆರೆಸುವ ಸಾಹಸ ಮಾತ್ರ ಯಾರೂ ಮಾಡಬಾರದು, ಬಾಯಿ ಗಂಟಲು ಬೆಂದುಹೋಗುತ್ತವೆ. ಎಮ್ಮೆಯ ಟಾನಿಕ್ಕನ್ನು ಎಮ್ಮೆಗೇ ಬಿಡಿ. ಎರಡು ದಿನ ಹಾಕಿ ಮೂರನೇ ದಿನ ಬಾಟಲಿ ಮುಗಿಯಿತೆಂದು ಬಿಟ್ಟರೆ ಕೋಳಿಗೂ ಲಾಭವಿಲ್ಲ, ಗಂಟಿಗೂ ಲಾಭವಿಲ್ಲ.

ಸುಣ್ಣ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಹಿತ್ತಿಲಲ್ಲಿ ಬಿಸಿಲಿಗೆ ತಿರುಗುವ ಕೋಳಿಗೆ ಅದರ ಚಿಂತೆ ಇಲ್ಲ, ಗರಿಯಿಲ್ಲದ ಕಾಲಿನ ಚರ್ಮದಲ್ಲೇ ಅದು ತಯಾರಾಗುತ್ತದೆ. ಆದರೆ ನಾಸಿಕ್ ನಗರದಲ್ಲಿ ಮನೆ ಮಾಳಿಗೆಯ ಮೇಲೆ, ನೆರಳಿನ ಪಂಜರದಲ್ಲಿ ನಾಲ್ಕು ಕೋಳಿ ಸಾಕುವ ಹೊಸ ಹವ್ಯಾಸಿಗಳಿದ್ದಾರೆ. ಅವರ ಕೋಳಿಗೆ ಶಿಂಪಲಾ ಸುರಿದರೂ ಚಿಪ್ಪು ಗಟ್ಟಿಯಾಗದಿದ್ದರೆ ಬಿಸಿಲಿನ ಕೊರತೆಯನ್ನು ನೋಡಬೇಕು. ದಿನಕ್ಕೆ ಒಂದಿಷ್ಟು ಹೊತ್ತು ಎಳೆಬಿಸಿಲಿಗೆ ಬಿಡಿ.

ಬಿಸಿಲು ಬೇಕು, ಕಾವು ಬೇಡ. ಇದು ಸಂಭಾಜಿನಗರದವರಿಗೆ ಹೇಳುವ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಪಾದರಸ ನಲವತ್ತು ಡಿಗ್ರಿ ದಾಟುತ್ತದೆ. ಕೋಳಿಗೆ ಬೆವರು ಗ್ರಂಥಿ ಇಲ್ಲ. ಬಾಯಿ ತೆರೆದು, ರೆಕ್ಕೆ ಅಗಲಿಸಿ, ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಹಾಗೆ ಏದುವಾಗ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಟುಹೋಗುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್ ಎಂದೆನಲ್ಲ. ಕ್ಯಾಲ್ಸಿಯಂ ಮೇವಿನಿಂದ ಬರುತ್ತದೆ, ಕಾರ್ಬೊನೇಟ್ ಆಗುವುದು ರಕ್ತದಲ್ಲಿರುವ ಈ ಇಂಗಾಲದಿಂದಲೇ. ಅದು ಉಸಿರಲ್ಲಿ ಹೋದರೆ ತಟ್ಟೆ ತುಂಬ ಶಿಂಪಲಾ ಇದ್ದೂ ಚಿಪ್ಪು ತೆಳುವಾಗುತ್ತದೆ. ಸಾಲದ್ದಕ್ಕೆ ಸೆಕೆಗೆ ಕೋಳಿ ಮೇವನ್ನೂ ಕಡಿಮೆ ತಿನ್ನುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಸೆಕೆಯಲ್ಲಿಟ್ಟ ಕೋಳಿಗಳಿಗೆ ಗ್ಯಾಸ್ ತುಂಬಿದ ಸೋಡಾ ನೀರು ಕುಡಿಸಿ ನೋಡಿದರು. ಚಿಪ್ಪು ಸುಧಾರಿಸಿತು! ಹಾಗಂತ ಯಾರೂ ಗೋಲಿಸೋಡಾ ಅಂಗಡಿಗೆ ಓಡಬೇಡಿ. ತಗಡಿನ ಮೇಲೆ ಜೋಳದ ಕಣಿಕೆಯನ್ನೋ ಕಬ್ಬಿನ ಸೋಗೆಯನ್ನೋ ಹೊದಿಸಿ. ನೀರಿನ ಮಡಕೆಯನ್ನು ನೆರಳಲ್ಲಿಟ್ಟು ಮಧ್ಯಾಹ್ನ ಒಮ್ಮೆ ನೀರು ಬದಲಿಸಿ. ಕಾಳನ್ನು ನಸುಕಿನಲ್ಲಿ ಮತ್ತು ಹೊತ್ತು ಇಳಿದ ಮೇಲೆ ಹಾಕಿ. ಗೋಡೆ ಬದಿಯ ಬೇವಿನ ಮರ ಕಡಿಯದಿರುವುದು ಎಲ್ಲಕ್ಕಿಂತ ದೊಡ್ಡ ಔಷಧ.

ನೀರಿನ ಮಾತು ಬಂತು. ಗಟ್ಟಿನೀರು, ಅಂದರೆ ಪಾತ್ರೆಯಲ್ಲಿ ಸುಣ್ಣದ ಪದರ ಕಟ್ಟುವ ನೀರು, ಕೋಳಿಗೆ ಕೆಡುಕಲ್ಲ. ನಾಲಿಗೆಗೆ ಉಪ್ಪು ಹತ್ತುವ ಬೋರ್‌ವೆಲ್ ನೀರು ಕೆಡುಕು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ನಡೆದ ಕೆಲಸ ಇದನ್ನು ಚೆನ್ನಾಗಿ ತೋರಿಸಿತು. ಲೀಟರಿಗೆ ಕಾಲು ಗ್ರಾಂ ಉಪ್ಪು ಬೆರೆತ ಕುಡಿಯುವ ನೀರೇ ಚಿಪ್ಪನ್ನು ಕೆಡಿಸಬಲ್ಲದು, ಆಮೇಲೆ ಸಿಹಿನೀರು ಕೊಟ್ಟರೂ ಆ ಕೋಳಿಗಳ ಚಿಪ್ಪು ಬೇಗ ಸರಿಹೋಗದು. ಬೇಸಿಗೆಯಲ್ಲಿ ಬೋರಿನ ನೀರು ತಳಕ್ಕೆ ಇಳಿದಷ್ಟೂ ಉಪ್ಪು ಏರುವ ಊರುಗಳಿವೆ. ಜಾಯಕವಾಡಿ ಅಣೆಕಟ್ಟಿನ ನಲ್ಲಿನೀರೋ ಟ್ಯಾಂಕರಿನ ನೀರೋ ಮನೆಯವರಿಗೆ ಬಂದಾಗ ಕೋಳಿಗೂ ಎರಡು ಚೊಂಬು ತೆಗೆದಿಡಿ. ಹತ್ತು ಕೋಳಿಗೆ ದಿನಕ್ಕೆ ಎರಡೂವರೆ ಮೂರು ಲೀಟರಿಗಿಂತ ಹೆಚ್ಚು ಬೇಡ, ಬೇಸಿಗೆಯಲ್ಲಿ ತುಸು ಜಾಸ್ತಿ.

ನಾಸಿಕ್‌ನಲ್ಲಿ ಕೇಳಿಬರುವ ಅನುಮಾನ ಬೇರೆ. ನಿಫಾಡ, ದಿಂಡೋರಿ ಕಡೆ ದ್ರಾಕ್ಷಿ ತೋಟಗಳಿಗೆ ಹೊಡೆಯುವ ಔಷಧದಿಂದಲೇ ಚಿಪ್ಪು ತೆಳುವಾಯಿತು ಎನ್ನುತ್ತಾರೆ. ಈ ಅನುಮಾನಕ್ಕೆ ಒಂದು ಹಿನ್ನೆಲೆ ಇದೆ. 1967ರಲ್ಲಿ ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿ ಡೇಗೆಯ ತತ್ತಿಗಳ ಹಳೆಯ ಸಂಗ್ರಹಗಳನ್ನು ತೂಗಿ ನೋಡಿ, 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿದೆ ಎಂದು ತೋರಿಸಿದರು. ಡಿಡಿಟಿ ಬಳಕೆಗೆ ಬಂದ ಕಾಲ ಅದು. ಆ ಸುದ್ದಿ ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಅದರ ಬಾಲದಲ್ಲಿರುವ ಇನ್ನೊಂದು ಸಂಗತಿ ಯಾರ ಕಿವಿಗೂ ಬೀಳಲಿಲ್ಲ. ಡಿಡಿಟಿಯ ಅವಶೇಷ ಹದ್ದು, ಡೇಗೆ, ಹೆಜ್ಜಾರ್ಲೆಗಳ ಚಿಪ್ಪನ್ನು ಕೆಡಿಸಿದಂತೆ ಕೋಳಿಯ ಚಿಪ್ಪನ್ನು ಕೆಡಿಸುವುದಿಲ್ಲ. ಕೋಳಿ, ಗೌಜಲಹಕ್ಕಿಗಳ ಜಾತಿ ಈ ವಿಷಯದಲ್ಲಿ ಗಟ್ಟಿ. ಹಾಗಾಗಿ ತೋಟದ ಔಷಧದ ಮೇಲೆ ತಪ್ಪು ಹೊರಿಸುವ ಮುಂಚೆ ಸುಣ್ಣದ ತಟ್ಟೆ ಎಲ್ಲಿದೆ ಎಂದು ನಾನು ಕೇಳುತ್ತೇನೆ. ಔಷಧ ಹೊಡೆದ ಹಣ್ಣು, ಎಲೆಗಳನ್ನು ಕೋಳಿಗೆ ಹಾಕಬಾರದು ಎಂಬುದು ನಿಜ, ಅದಕ್ಕೆ ಕಾರಣ ತತ್ತಿ ತಿನ್ನುವ ನಮ್ಮ ಮಕ್ಕಳು. ಹಾಗೆಯೇ ಲಾಸಲಗಾಂವ್ ಮಾರುಕಟ್ಟೆಯ ಸುತ್ತ ಧಾರಾಳ ಸಿಗುವ ಈರುಳ್ಳಿ ಕಸ. ಅದು ಹೆಚ್ಚಾದರೆ ಕೋಳಿಯ ರಕ್ತಕ್ಕೇ ಕೆಡುಕು, ತತ್ತಿಗೂ ವಾಸನೆ ಹತ್ತುತ್ತದೆ.

ಔಷಧದ ಮಾತಿನಲ್ಲಿ ಮನೆಯೊಳಗಿನದನ್ನು ಮರೆಯಬಾರದು. ಕೋಳಿಗೆ ರಕ್ತಭೇದಿ ಬಂದಾಗ ಕೊಡುವ ಸಲ್ಫಾ ಗುಂಪಿನ ಔಷಧಗಳು ಚಿಪ್ಪು ಕಟ್ಟುವ ಕಿಣ್ವವನ್ನೇ ತಡೆಯುತ್ತವೆ. 1940ರ ದಶಕದಲ್ಲೇ ಇದು ಗೊತ್ತಾಗಿದೆ. ತತ್ತಿ ಇಡುವ ಕೋಳಿಗೆ ಅದನ್ನು ಕುಡಿಸಿ, ಮರುದಿನ ಪೊರೆ ತತ್ತಿ ಬಿತ್ತೆಂದು ಮತ್ತೊಂದು ಔಷಧಕ್ಕೆ ಓಡುವವರಿದ್ದಾರೆ. ಪಶುವೈದ್ಯರನ್ನು ಕೇಳದೆ ಕೊಡಬೇಡಿ, ಕೊಟ್ಟ ದಿನಗಳ ತತ್ತಿ ತಿನ್ನಲೂ ಬೇಡಿ.

ರೋಗದಿಂದ ಚಿಪ್ಪು ಕೆಡುವುದೂ ಉಂಟು, ಅದರ ಗುರುತು ಬೇರೆ. ಸುಣ್ಣದ ಕೊರತೆ ಮೆಲ್ಲಗೆ ಬರುತ್ತದೆ, ಒಂದೆರಡು ಕೋಳಿಯಲ್ಲಿ ಶುರುವಾಗಿ ಹೆಚ್ಚುತ್ತದೆ. ರೋಗ ಬಂದರೆ ವಾರದೊಳಗೆ ಇಡೀ ಗೂಡಿನ ತತ್ತಿ ಇಳಿಯುತ್ತದೆ. ಕೊಕ್ಕರೆ ರೋಗ, ಅಲ್ಲಿನವರು ‘ಮಾನಮೋಡಿ’ ಎನ್ನುವ ಅದೇ ರೋಗ, ದಾಟಿ ಬದುಕಿದ ಹೇಂಟೆ ಮೆತ್ತನೆ ಚಿಪ್ಪಿನ ತತ್ತಿ ಇಡುತ್ತದೆ. ಮರಿಯಲ್ಲೇ ಲಸಿಕೆ ಹಾಕಿಸಿದರೆ ಈ ಪೀಡೆ ಇಲ್ಲ. ಕೆಮ್ಮು, ಗೊರಗೊರ ಸದ್ದಿನ ಜೊತೆ ಸುಕ್ಕುಗಟ್ಟಿದ ಚಿಪ್ಪು, ಒಡೆದರೆ ನೀರಿನಂತೆ ಹರಿಯುವ ಬಿಳಿಭಾಗ ಕಂಡರೆ ಅದು ಉಸಿರುನಾಳದ 'ಐಬಿ' ವೈರಸ್ಸಿನ ಕೆಲಸ. ಕೋಳಿ ಚೆನ್ನಾಗಿ ತಿನ್ನುತ್ತಾ ಓಡಾಡುತ್ತಾ ಇದ್ದು, ಕಂದು ತತ್ತಿ ಮೊದಲು ಬಿಳಚಿಕೊಂಡು, ಆಮೇಲೆ ಚಿಪ್ಪೇ ಇಲ್ಲದ ತತ್ತಿ ಸಾಲಾಗಿ ಬಿದ್ದರೆ ಅದು 1976ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೊದಲು ಗುರುತಿಸಿದ ತತ್ತಿ ಇಳಿತದ ರೋಗವಾಗಿರಬಹುದು. ಅದರ ವೈರಸ್ಸಿನ ಮೂಲಮನೆ ಬಾತುಕೋಳಿ. ಬಾತನ್ನೂ ಕೋಳಿಯನ್ನೂ ಒಂದೇ ಹೊಂಡದ ನೀರಿಗೆ ಬಿಡಬೇಡಿ ಎಂದು ಹೇಳುವುದು ಅದಕ್ಕೆ. ಇಂಥ ಗುರುತು ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ನಾಸಿಕ್‌ನವರು ಯಶವಂತರಾವ್ ಚವ್ಹಾಣ ಮುಕ್ತ ವಿದ್ಯಾಪೀಠದ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು.

ಗಣಪತಿ ಹಬ್ಬದ ಡಿಜೆ, ದೀಪಾವಳಿಯ ಪಟಾಕಿ, ರಾತ್ರಿ ಗೂಡಿಗೆ ನುಗ್ಗಿದ ನಾಯಿ, ಇವುಗಳ ಮರುದಿನ ಒಂದೆರಡು ತತ್ತಿ ಸೊಂಟಕ್ಕೆ ಪಟ್ಟಿ ಕಟ್ಟಿದ ಹಾಗೆ, ಇಲ್ಲವೇ ಬರೀ ಪೊರೆಯಲ್ಲಿ ಬೀಳುತ್ತವೆ. ಅದಕ್ಕೆ ಔಷಧ ಬೇಡ, ನಾಲ್ಕು ದಿನ ನೆಮ್ಮದಿ ಸಾಕು.

ಚಿಪ್ಪು ಸುಧಾರಿಸಿತೋ ಇಲ್ಲವೋ ಎಂದು ನೋಡಲು ತತ್ತಿ ಒಡೆಯಬೇಕಿಲ್ಲ. ಒಂದು ಲೀಟರ್ ನೀರಿಗೆ 130 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ಅವತ್ತೇ ಇಟ್ಟ ತತ್ತಿಯನ್ನು ಮೆಲ್ಲಗೆ ಬಿಡಿ. ಚಿಪ್ಪು ದಪ್ಪವಿದ್ದರೆ ಮುಳುಗುತ್ತದೆ, ತೆಳುವಾಗಿದ್ದರೆ ತೇಲುತ್ತದೆ. ಫಾರಂನವರೂ ಪ್ರಯೋಗಶಾಲೆಯವರೂ ಇದೇ ತತ್ತ್ವದಲ್ಲಿ ಚಿಪ್ಪಿನ ಗುಣ ಅಳೆಯುತ್ತಾರೆ. ಹಳೆಯ ತತ್ತಿಗೆ ಇದು ನಡೆಯದು, ದಿನ ಕಳೆದಂತೆ ಒಳಗಿನ ಗಾಳಿಕೋಣೆ ಹಿಗ್ಗಿ ಎಲ್ಲವೂ ತೇಲುತ್ತವೆ. ಶಿಂಪಲಾ ಇಡುವ ಮುಂಚೆ ಒಮ್ಮೆ, ಇಟ್ಟು ಎರಡು ವಾರದ ಮೇಲೆ ಒಮ್ಮೆ ಹೀಗೆ ಬಿಟ್ಟು ನೋಡಿ, ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಡಿ.

ಅಲ್ಲಿಯವರೆಗೆ ತತ್ತಿಯನ್ನು ದಿನಕ್ಕೆ ಎರಡು ಸಲ ಎತ್ತಿ. ಗೂಡಿನ ಬುಟ್ಟಿಗೆ ಹುಲ್ಲು ದಪ್ಪಗೆ ಹಾಸಿ. ತೆಳು ತತ್ತಿ ಒಮ್ಮೆ ಗೂಡಿನಲ್ಲೇ ಒಡೆದು ಕೋಳಿ ಅದರ ರುಚಿ ಕಂಡಿತೆಂದರೆ, ಆಮೇಲೆ ಗಟ್ಟಿ ತತ್ತಿಯನ್ನೂ ತಾನೇ ಒಡೆದು ತಿನ್ನಲು ಶುರುಮಾಡುತ್ತದೆ. ಆ ಚಾಳಿ ಬಿಡಿಸುವುದು ಚಿಪ್ಪು ಗಟ್ಟಿ ಮಾಡುವುದಕ್ಕಿಂತ ಕಷ್ಟ. ಮರದ ತತ್ತಿಯನ್ನೋ ನುಣುಪಾದ ದುಂಡುಕಲ್ಲನ್ನೋ ಬುಟ್ಟಿಯಲ್ಲಿಟ್ಟರೆ ಕುಕ್ಕಿ ಕುಕ್ಕಿ ಬೇಸತ್ತು ಕೆಲವು ಬಿಡುತ್ತವೆ. ಕೆಲವು ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದೆರಡು ಕೋಳಿಗಳ ತತ್ತಿ ತೇಲುತ್ತಲೇ ಇದ್ದರೆ ಅವುಗಳ ವಯಸ್ಸು ನೋಡಿ. ಹೇಂಟೆಗೆ ವಯಸ್ಸಾದಂತೆ ತತ್ತಿ ದೊಡ್ಡದಾಗುತ್ತಾ ಹೋಗುತ್ತದೆ, ಚಿಪ್ಪಿಗೆ ಹಾಕುವ ಸುಣ್ಣ ಮಾತ್ರ ಅಷ್ಟೇ. ಅದೇ ಸುಣ್ಣ ದೊಡ್ಡ ಮೈಗೆ ಹರಡಿದರೆ ತೆಳುವಾಗದೆ ಇನ್ನೇನು? ಎರಡು ವರ್ಷ ದಾಟಿದ ಗಿರಿರಾಜಕ್ಕೆ ಶಿಂಪಲಾ, ಬಿಸಿಲು, ಸಿಹಿನೀರು ಎಲ್ಲ ಕೊಟ್ಟೂ ಪ್ರಯೋಜನ ಕಾಣದಿದ್ದರೆ ಅದನ್ನು ಮುಂದೆ ಏನು ಮಾಡಬೇಕು ಎಂಬುದು ಬಾನುಲಿಯಲ್ಲಿ ಹೇಳುವ ವಿಷಯವಲ್ಲ. ಅದನ್ನು ಆಯಾ ಮನೆಯ ಅಡುಗೆಮನೆಯವರೇ ಭಾನುವಾರ ಬೆಳಗ್ಗೆ ತೀರ್ಮಾನಿಸುತ್ತಾರೆ.